ಹಪ್ಪಳದ ಬುಟ್ಟಿಯಲ್ಲಿ ಉಳಿದ ರೋಮ್

ಒಂದು ಮಾತನ್ನು ಹತ್ತು ಜನ ಒಂದೇ ರೀತಿ ಹೇಳತೊಡಗಿದರೆ ನನಗೆ ಅದರ ಮೇಲೆ ಅನುಮಾನ ಹುಟ್ಟುತ್ತದೆ. ಇದು ಹುಟ್ಟುಗುಣವೋ, ನಾಲ್ಕು ವರ್ಷ ಕಾಲೇಜಿನ ಚರ್ಚಾಕೂಟದಲ್ಲಿ ಹತ್ತಿಸಿಕೊಂಡ ಚಾಳಿಯೋ ತಿಳಿಯದು. ಆದ್ದರಿಂದ ಜಯನಗರದ ನಮ್ಮ ಬೀದಿಯಲ್ಲಿ ಎಲ್ಲರೂ ಒಪ್ಪಿಕೊಂಡಿರುವ ಕಥೆಯೊಂದನ್ನು ಮೊದಲು ನಿಮ್ಮ ಮುಂದಿಟ್ಟು ಆಮೇಲೆ ಕೆಡವುತ್ತೇನೆ. ಕಥೆ ಇಷ್ಟೇ: ಪಕ್ಕದ ಮನೆಯ ನಂಜುಂಡಯ್ಯ ಮೇಷ್ಟ್ರು ಹದಿನಾಲ್ಕು ವರ್ಷ ಕೂತು ರೋಮಿನ ಹಳೆಯ ಇತಿಹಾಸಕಾರರ ಮೇಲೆ ಒಂದು ಪುಸ್ತಕ ಬರೆದರು. ಇದ್ದದ್ದು ಒಂದೇ ಪ್ರತಿ. ಅದನ್ನು ಓದಿ ಹೇಳಪ್ಪ ಅಂತ ನನಗೆ ಕೊಟ್ಟರು. ನಮ್ಮಮ್ಮ ಅದನ್ನು ರದ್ದಿ ಕಾಗದ ಅಂದುಕೊಂಡು ನನ್ನ ಮೇಜಿನಿಂದ ಎತ್ತಿಕೊಂಡು ಹೋಗಿ, ನೆನೆಹಾಕಿ, ಮೆಂತ್ಯದ ಜೊತೆ ರುಬ್ಬಿ, ಹಪ್ಪಳದ ಬುಟ್ಟಿ ಮಾಡಿಬಿಟ್ಟಳು. ಎದುರು ಮನೆ ಕಮಲಮ್ಮನವರು ಇದನ್ನು ಹೇಳುವ ಸೊಗಸೇ ಬೇರೆ. “ರೋಮ್ ಸಾಮ್ರಾಜ್ಯಾನ ಯಾವ ಕಾಲದಲ್ಲೋ ಯಾರೋ ಹಾಳು ಮಾಡಿದ್ರಂತೆ ಕಣ್ರೀ. ಉಳಿದಿದ್ದ ಚೂರುಪಾರು ನಮ್ಮ ಜಾನಕಮ್ಮನ ಒರಳಿಗೆ ಬಿತ್ತು.” ಕೇಳಿದವರೆಲ್ಲ ನಗುತ್ತಾರೆ. ಮೊದಮೊದಲು ನಾನೂ ನಕ್ಕೆ. ನಕ್ಕದ್ದು ಮಾತ್ರವಲ್ಲ, ಈ ಕಥೆಯನ್ನು ಮೊಟ್ಟಮೊದಲು ಊರಿಗೆಲ್ಲ ಕೇಳುವಂತೆ ಕೂಗಿ ಹೇಳಿದವನೇ ನಾನು.

ನನ್ನ ಬಗ್ಗೆ ಎರಡು ಮಾತು ಹೇಳಿಕೊಳ್ಳಬೇಕು. ಚರ್ಚಾಸ್ಪರ್ಧೆ ಅನ್ನುವುದು ವಿಚಿತ್ರವಾದ ವಿದ್ಯೆ. ಅದಕ್ಕೆ ವಿಷಯ ಗೊತ್ತಿರಬೇಕಾದ್ದಿಲ್ಲ. ಗೊತ್ತಿದ್ದರೆ ನಾಲಿಗೆ ತಡವರಿಸುತ್ತದೆ. ಪಾನನಿರೋಧ ಬೇಕೇಬೇಕು ಅಂತ ಬೆಳಿಗ್ಗೆ ಒಂದು ಕಾಲೇಜಿನಲ್ಲಿ ಮೇಜು ಗುದ್ದಿ, ಕೂಡದು ಅಂತ ಸಂಜೆ ಇನ್ನೊಂದು ಕಾಲೇಜಿನಲ್ಲಿ ಗುದ್ದಿ, ಎರಡು ಕಡೆಯೂ ಬಹುಮಾನ ಹೊಡೆದುಕೊಂಡು ಒಂದೇ ಬಸ್ಸಿನಲ್ಲಿ ಮನೆಗೆ ಬಂದವನು ನಾನು. ಅಭ್ಯಾಸಬಲ, ಮನೆಯಲ್ಲೂ ಬಿಡುವುದಿಲ್ಲ. ಸಾರಿಗೆ ಉಪ್ಪು ಸರಿಯಾಗಿದೆಯೇನೋ ಅಂತ ಅಮ್ಮ ಕೇಳಿದರೆ “ಯಾರ ನಾಲಿಗೆಯ ಲೆಕ್ಕದಲ್ಲಿ?” ಅನ್ನುತ್ತೇನೆ. ಅಮ್ಮ ಸೌಟು ಕೆಳಗಿಟ್ಟು, “ವಾದ ಮಾಡೋ ಮಗನಿಗೆ ಬಡಿಸೋದೂ ಕಷ್ಟ, ಉಪವಾಸ ಕೆಡವೋದೂ ಕಷ್ಟ” ಅಂತ ಒಲೆಯ ಕಡೆ ತಿರುಗುತ್ತಾಳೆ. ಆ ಮಾತಿಗೆ ಎದುರುತ್ತರ ಇನ್ನೂ ಹುಡುಕುತ್ತಿದ್ದೇನೆ.

ನಮ್ಮ ಮನೆ ಇರುವ ಬೀದಿ ಇನ್ನೂ ಹೊಸದು. ಆರು ಮನೆ ಎದ್ದಿವೆ, ಮಿಕ್ಕದ್ದೆಲ್ಲ ಕಲ್ಲು ನೆಟ್ಟ ಸೈಟು. ರಾತ್ರಿ ಹೊತ್ತು ನರಿ ಕೂಗುತ್ತವೆ ಅಂತ ಕಮಲಮ್ಮನವರು ಹೇಳುತ್ತಾರೆ. ನಾನು ಕೇಳಿಲ್ಲ, ಆದ್ದರಿಂದ ನಂಬುವುದಿಲ್ಲ. ನಮಗೂ ಮೇಷ್ಟ್ರಿಗೂ ನಡುವೆ ಸೊಂಟದೆತ್ತರದ ಒಂದು ಗೋಡೆ. ಅವರು ಯಾವುದೋ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಟ್ಟು ನಿವೃತ್ತರಾದವರು, ಮದುವೆಯಾದವರಲ್ಲ, ಅನ್ನ ಮಾತ್ರ ಬೇಯಿಸಿಕೊಳ್ಳಬಲ್ಲರು. ಹುಳಿ, ಗೊಜ್ಜು, ಪಲ್ಯವೆಲ್ಲ ಗೋಡೆಯ ಮೇಲಿನಿಂದ ನಮ್ಮ ಮನೆಯದೇ ಹೋಗುತ್ತದೆ. ಕೊಟ್ಟ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಅನ್ನುವುದು ನಮ್ಮ ಕಡೆ ಹೆಂಗಸರ ಶಾಸ್ತ್ರ. ಅದನ್ನು ಪಾಲಿಸುವ ಗಂಡಸನ್ನು ನಾನು ಕಂಡದ್ದು ಅವರೊಬ್ಬರನ್ನೇ. ಹುಳಿಯ ಡಬರಿ ಮರುದಿನ ತೊಳೆದು ಗೋಡೆಯ ಮೇಲೆ ಬಂದರೆ ಅದರಲ್ಲಿ ಎರಡು ನಿಂಬೆಹಣ್ಣು ಇರುತ್ತದೆ, ಇಲ್ಲವೇ ಒಂದು ಹಿಡಿ ಸಕ್ಕರೆ. ಏನೂ ಸಿಗದ ದಿನ ಒಂದು ಸೀಮೆಸುಣ್ಣದ ತುಂಡಾದರೂ ಸರಿ.

ಅವರ ಹುಚ್ಚು ಇಲ್ಲದ ಪುಸ್ತಕಗಳದ್ದು. “ಇರೋ ಪುಸ್ತಕಾನ ಯಾರಾದ್ರೂ ಓದ್ಕೋತಾರಪ್ಪ. ಇಲ್ಲದ್ದನ್ನ ನೆನೆಸಿಕೊಳ್ಳೋಕೆ ಒಬ್ಬ ಬೇಡ್ವೇ?” ಅನ್ನುತ್ತಿದ್ದರು. ರೋಮಿನ ಒಬ್ಬ ಮಹಾಶಯ ತನ್ನ ಊರಿನ ಚರಿತ್ರೆಯನ್ನು ನೂರ ನಲವತ್ತೆರಡು ಸಂಪುಟಗಳಲ್ಲಿ ಬರೆದನಂತೆ. ಇವತ್ತಿಗೆ ಉಳಿದಿರುವುದು ಮೂವತ್ತೈದು. ಮಿಕ್ಕವುಗಳಲ್ಲಿ ಏನಿತ್ತು ಅನ್ನುವುದಕ್ಕೆ ಆಮೇಲೆ ಯಾರೋ ಬರೆದಿಟ್ಟ ನಾಲ್ಕು ನಾಲ್ಕು ಸಾಲಿನ ಸಾರಾಂಶವೇ ಗತಿ. ಇನ್ನೊಬ್ಬ ಹಟಮಾರಿ ಮುದುಕ. ಯುದ್ಧ ಗೆದ್ದದ್ದು ಜನ, ಸೇನಾಪತಿಯಲ್ಲ ಅಂತ ಎಲ್ಲ ಸೇನಾಪತಿಗಳ ಹೆಸರನ್ನೂ ಬಿಟ್ಟು, ಶತ್ರುಗಳ ಕಡೆ ಚೆನ್ನಾಗಿ ಕಾದಿದ ಒಂದು ಆನೆಯ ಹೆಸರನ್ನು ಮಾತ್ರ ಬರೆದಿದ್ದನಂತೆ. ಪುಸ್ತಕ ಹೋಯಿತು, ಆನೆ ಉಳಿಯಿತು, ಇನ್ನೊಬ್ಬರಾರೋ ಆ ಮಾತನ್ನು ಎತ್ತಿ ಹೇಳಿದ್ದರಿಂದ. “ಅದರಲ್ಲಿ ಆಶ್ಚರ್ಯ ಏನು?” ಅನ್ನುತ್ತಿದ್ದರು ಮೇಷ್ಟ್ರು. “ದಸರಾ ಅಂಬಾರಿ ಆನೆ ಹೆಸರು ಇಲ್ಲಿ ಕೂಸುಗಳಿಗೂ ಗೊತ್ತು. ಆ ವರ್ಷ ದಿವಾನರು ಯಾರು, ಕೇಳಿ ನೋಡು.” ಮತ್ತೊಬ್ಬನ ಇಡೀ ಪುಸ್ತಕದಲ್ಲಿ ಉಳಿದದ್ದು ಎರಡೇ ವಾಕ್ಯ. ಅದೂ ವ್ಯಾಕರಣದ ಮೇಷ್ಟ್ರೊಬ್ಬರಿಗೆ ಪಾಠದಲ್ಲಿ ಉದಾಹರಣೆ ಬೇಕಾಗಿದ್ದರಿಂದ! ಗೋಡೆಗೆ ಮೊಣಕೈ ಊರಿಕೊಂಡು ಅವರು ಹೀಗೆ ಹೇಳುತ್ತಿದ್ದರೆ, ನಾನು ಈ ಕಡೆಯಿಂದ “ಅದಕ್ಕೆ ಆಧಾರವೇನು ಸಾರ್?” ಅಂತ ಕೇಳುತ್ತಿದ್ದೆ. ಅವರಿಗೆ ಅದು ಇಷ್ಟವಾಗುತ್ತಿತ್ತು.

ಹೋದ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಮೇಷ್ಟ್ರು ಗೋಡೆಯ ಮೇಲೆ ಹನ್ನೊಂದು ನೋಟ್‌ಬುಕ್ಕು ಇಟ್ಟರು. ಎಲ್ಲಕ್ಕೂ ಕಂದು ಕಾಗದದ ಹೊದಿಕೆ, ಮೇಲೆ ಚೀಟಿ, ಒಟ್ಟಿಗೆ ಬಿಳಿ ಲಾಡಿಯ ಕಟ್ಟು.

“ಶ್ರೀನಿವಾಸ, ನೀನು ಇದನ್ನ ಓದಬೇಕು. ದಾಕ್ಷಿಣ್ಯ ಬೇಡ. ಈ ಬಡಾವಣೆಯಲ್ಲಿ ನಿನ್ನಷ್ಟು ತಪ್ಪು ಹುಡುಕೋನು ಇನ್ನೊಬ್ಬನಿಲ್ಲ.”

“ಇದು ಹೊಗಳಿಕೆಯೋ ಬೈಗುಳವೋ ಸಾರ್?”

“ಎರಡೂ. ಚಿಕ್ಕಪೇಟೆಯಲ್ಲಿ ಪ್ರಕಾಶಕರೊಬ್ಬರು ನೋಡ್ತೀನಿ ಅಂದಿದಾರೆ. ನೀನು ಪರವಾಗಿಲ್ಲ ಅಂದ್ರೆ ಕಳಿಸ್ತೀನಿ, ತಪ್ಪು ತೋರಿಸಿದ್ರೆ ತಿದ್ತೀನಿ. ಇದುವರೆಗೂ ಒಬ್ಬರೂ ಓದಿಲ್ಲ ಕಣಪ್ಪ. ನೀನೇ ಮೊದಲು.”

ಹೆಮ್ಮೆಯಿಂದ ಎದೆ ಉಬ್ಬಿತು. ಅವತ್ತೇ ಶುರು ಮಾಡಿದೆ. ಆರು ಪುಟ ಓದಿದೆ. ಉತ್ತರದಿಂದ ಬರ್ಬರರು ನುಗ್ಗಿದ್ದು, ನಗರಕ್ಕೆ ಬೆಂಕಿ ಬಿದ್ದದ್ದು, ಶತಮಾನಗಳ ಚರಿತ್ರೆ ಸುರುಳಿ ಸುರುಳಿಯಾಗಿ ಉರಿದು ಬೂದಿಯಾದದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಆರನೆಯ ಪುಟ ಮುಗಿಯುವ ಹೊತ್ತಿಗೆ ಅಮ್ಮ ಕಾಫಿಗೆ ಕರೆದಳು. ಕಾಫಿಯಿಂದ ನಾನು ಹಿಂದಿರುಗಲೇ ಇಲ್ಲ. ನನ್ನ ಮೇಜಿನ ದೀಪ ಸ್ವಲ್ಪ ಗಿಡ್ಡ; ಅದರ ಕೆಳಗೆ ಹನ್ನೊಂದು ನೋಟ್‌ಬುಕ್ಕು ಒಟ್ಟಿದರೆ ಬೆಳಕು ಹಾಳೆಯ ಮೇಲೆ ಹದವಾಗಿ ಬೀಳುತ್ತದೆ ಅನ್ನುವುದು ಎರಡನೆಯ ದಿನ ಗೊತ್ತಾಯಿತು. ಹೀಗೆ ಮೂರು ತಿಂಗಳು ರೋಮಿನ ಇತಿಹಾಸ ನನಗೆ ಬೆಳಕು ಕೊಟ್ಟಿತು. ಆ ಬೆಳಕಿನಲ್ಲಿ ನಾನು ಪತ್ತೇದಾರಿ ಕಾದಂಬರಿ ಓದಿದೆ. ಸಂಕ್ರಾಂತಿಗೆ ಎಳ್ಳು ಕೊಡಲು ಹೋದಾಗ ಮೇಷ್ಟ್ರು ಕಣ್ಣಲ್ಲೇ ಕೇಳಿದರು. “ಅರ್ಧ ಆಯ್ತು ಸಾರ್” ಅಂದೆ. ಅವರು ಎಳ್ಳಿಗಿಂತ ಆ ಮಾತನ್ನು ಹೆಚ್ಚು ಸವಿದರು.

ಅಷ್ಟರಲ್ಲಿ ಅಂತರ ಕಾಲೇಜು ಚರ್ಚಾಸ್ಪರ್ಧೆ ಬಂತು. ವಿಷಯ: ನಾಗರಿಕತೆಗೆ ಯುದ್ಧಕ್ಕಿಂತ ದೊಡ್ಡ ಶತ್ರುವಿಲ್ಲ. ನನಗೆ ಇನ್ನೇನು ಬೇಕು? ಆರು ಪುಟದ ಬೆಂಕಿ ಕೈಯಲ್ಲೇ ಇತ್ತು. ನಾಲ್ಕು ನಿಮಿಷದಲ್ಲಿ ರೋಮ್ ನಗರವನ್ನು ವೇದಿಕೆಯ ಮೇಲೆ ಸುಟ್ಟೆ. “ಅಧ್ಯಕ್ಷರೇ, ಆ ಬೂದಿಯನ್ನು ಕೈಯಲ್ಲಿ ಹಿಡಿದು ಕೇಳುತ್ತೇನೆ” ಅಂತ ಖಾಲಿ ಅಂಗೈ ಚಾಚಿದಾಗ ಮುಂದಿನ ಸಾಲಿನ ಹುಡುಗಿಯರು ಅಂಗೈಯನ್ನೇ ನೋಡಿದರು. ಬಹುಮಾನದ ಕಪ್ಪು ಸಿಕ್ಕಿತು. ಮರುದಿನ ಬೆಳಿಗ್ಗೆ ಗೋಡೆಯ ಹತ್ತಿರ ಮೇಷ್ಟ್ರು ಕೈಯಲ್ಲಿ ನಿಂಬೆಹಣ್ಣು ಹಿಡಿದು ನಿಂತಿದ್ದರು.

“ಗೆದ್ಯಂತೆ, ಸಂತೋಷ. ಅದಿರಲಿ, ಓದಿ ಮುಗೀತಾ?”

ಗೆದ್ದ ಮರುದಿನ ಮನುಷ್ಯ ಸುಳ್ಳು ಹೇಳುವುದಿಲ್ಲ. ಸುಳ್ಳು ತಾನೇ ಬಾಯಿಂದ ಹೊರಡುತ್ತದೆ. “ಪೂರ್ತಿ ಮುಗೀತು ಸಾರ್.”

“ಹೇಗಿದೆ? ದಾಕ್ಷಿಣ್ಯ ಬೇಡ.”

“ಅದ್ಭುತ ಸಾರ್. ಒಂದಕ್ಷರ ಮುಟ್ಟೋ ಹಾಗಿಲ್ಲ. ಅದರಲ್ಲೂ ಬರ್ಬರರು ಬೆಂಕಿ ಇಟ್ಟು ಪುಸ್ತಕವೆಲ್ಲ ಸುಡ್ತಾರಲ್ಲ, ಅಲ್ಲಿ ಕಣ್ಣಲ್ಲಿ ನೀರು ಬಂತು. ಹನ್ನೊಂದು ನೋಟ್‌ಬುಕ್ಕಿನ ಸಾರವೆಲ್ಲ ಆ ಬೆಂಕೀಲೇ ಇದೆ ಅನ್ನಿಸ್ತು.”

ಮೇಷ್ಟ್ರು ನಿಂಬೆಹಣ್ಣನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. “ಸಾರವೆಲ್ಲ ಬೆಂಕೀಲೇ ಇದೆ” ಅಂತ ನನ್ನ ಮಾತನ್ನೇ ಮೆಲ್ಲಗೆ ಹೇಳಿಕೊಂಡರು. “ತಪ್ಪು ಒಂದೂ ಸಿಗಲಿಲ್ವೇ?”

“ಒಂದೂ ಇಲ್ಲ ಸಾರ್.”

“ನಿನಗೆ!” ಅಂದರು. ಅಷ್ಟೇ. ನಿಂಬೆಹಣ್ಣು ಗೋಡೆಯ ಮೇಲಿಟ್ಟು ಒಳಗೆ ಹೋದರು. ನಾನು ಅದನ್ನು ಮೆಚ್ಚುಗೆ ಅಂದುಕೊಂಡು ಹಣ್ಣು ತಂದು ಅಮ್ಮನಿಗೆ ಕೊಟ್ಟೆ.

ಆ ವಾರವೇ ಅದೇ ಬೆಂಕಿಯನ್ನು ಮೈಸೂರಿನ ಇನ್ನೊಂದು ಸ್ಪರ್ಧೆಗೆ ಹೊತ್ತುಕೊಂಡು ಹೋಗಿ ನಾಲ್ಕು ದಿನ ಬಿಟ್ಟು ಬಂದೆ. ಬಂದ ಮೇಲೆ ಓದಲು ಕೂತರೆ ಬೆಳಕು ಯಾಕೋ ಸಾಲದು. ವೋಲ್ಟೇಜು ಬಿದ್ದಿದೆ ಅಂದುಕೊಂಡು ವಿದ್ಯುತ್ ಇಲಾಖೆಯನ್ನು ಬೈಯುತ್ತ ಕತ್ತು ಬಗ್ಗಿಸಿ ಓದಿದೆ. ದೀಪದ ಕೆಳಗೆ ಏನಾದರೂ ಇದೆಯೇ, ಇಲ್ಲವೇ ಅಂತ ನೋಡಲಿಲ್ಲ. ಆಧಾರವಿಲ್ಲದೆ ಏನನ್ನೂ ನಂಬದವನು ನಾನು. ದೀಪಕ್ಕೇ ಆಧಾರವಿಲ್ಲದ್ದು ಒಂದು ತಿಂಗಳು ನನಗೆ ಗೊತ್ತಾಗಲಿಲ್ಲ.

ಇನ್ನು ಬುಟ್ಟಿಯ ವಿಷಯ. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಹಾಗೆ ಅಮ್ಮನಿಗೆ ಕೈ ತುರಿಸುತ್ತದೆ. ಸಂಡಿಗೆ, ಹಪ್ಪಳ, ಅದರ ಬೆನ್ನಿಗೇ ಕಾಗದದ ಬುಟ್ಟಿ. ಹಳೆಯ ಕಾಗದವನ್ನೆಲ್ಲ ಚೂರು ಮಾಡಿ ನಾಲ್ಕು ದಿನ ನೀರಿನಲ್ಲಿ ಕೊಳೆಹಾಕಬೇಕು, ದಿನಾ ನೀರು ಬದಲಾಯಿಸಬೇಕು, ನೆನೆದ ಮೆಂತ್ಯ ಸೇರಿಸಿ ಒರಳಲ್ಲಿ ಬೆಣ್ಣೆಯ ಹಾಗೆ ರುಬ್ಬಬೇಕು. ಬೋರಲು ಹಾಕಿದ ತಪ್ಪಲೆಗೆ ಒದ್ದೆ ಬಟ್ಟೆ ಸುತ್ತಿ, ಅದರ ಮೇಲೆ ಆ ಮುದ್ದೆಯನ್ನು ತಟ್ಟಿ ತಟ್ಟಿ ಬಿಸಿಲಿಗಿಡಬೇಕು. ಗಟ್ಟಿಯಾದ ಮೇಲೆ ಬಿಡಿಸಿಕೊಂಡು, ಅಂದಕ್ಕೆ ಅಂತ ಹೊರಮೈಗೆ ಒಳ್ಳೆಯ ಕಾಗದದ ಪಟ್ಟಿಗಳನ್ನು ಮೈದಾ ಅಂಟಿನಲ್ಲಿ ಅಂಟಿಸುತ್ತಾಳೆ. ಇಷ್ಟೆಲ್ಲದರಲ್ಲಿ ಅವಳಿಗೆ ಆಗದ್ದು ಒಂದೇ, ನೋಟ್‌ಬುಕ್ಕಿನ ಹೊಲಿಗೆ ಮತ್ತು ಪಿನ್ನು. ಕಣ್ಣು ತಪ್ಪಿ ಒಂದು ಪಿನ್ನು ಒರಳಿಗೆ ಬಿದ್ದರೆ ಬೆರಳು ಹೋಯಿತು. ಪ್ರತಿ ವರ್ಷವೂ ಪಿನ್ನು ಕಂಡುಹಿಡಿದವನ ವಂಶವನ್ನು ಶಪಿಸುತ್ತ ಆರಿಸುತ್ತಾಳೆ. ಇದನ್ನು ನೆನಪಿಡಿ.

ಯುಗಾದಿಯ ದಿನ ಮೇಷ್ಟ್ರು ಊರಲ್ಲಿರಲಿಲ್ಲ, ಕೊಳ್ಳೇಗಾಲದ ತಂಗಿಯ ಮನೆಗೆ ಹೋಗಿದ್ದರು. ಬೇವುಬೆಲ್ಲ ಕೊಡಲು ಬಂದ ಕಮಲಮ್ಮನವರು ಊಟಕ್ಕೂ ನಿಂತರು. ಅಮ್ಮ ಹೊಸ ಬುಟ್ಟಿಯ ತುಂಬ ಕರಿದ ಹಪ್ಪಳ ತಂದಿಟ್ಟಳು. ಕೊನೆಯ ಹಪ್ಪಳಕ್ಕೆ ಕೈ ಹಾಕಿ ಬುಟ್ಟಿಯನ್ನು ನನ್ನ ಕಡೆ ವಾಲಿಸಿಕೊಂಡೆ, ಹೊರಮೈಯಲ್ಲಿ ಕಪ್ಪು ಮಸಿಯ ದುಂಡಗಿನ ಅಕ್ಷರ ಕಂಡಿತು: “ರೋಮಿನ ಜನರು”. ಎದ್ದು ಕೋಣೆಗೆ ಓಡಿದೆ. ದೀಪ ಬರಿಯ ಮೇಜಿನ ಮೇಲೆ ಕುಳ್ಳಗೆ ನಿಂತಿತ್ತು. ಆಮೇಲೆ ನಡೆದದ್ದು ನನ್ನ ಜೀವನದ ಅತ್ಯುತ್ತಮ ಭಾಷಣ. “ಅಮ್ಮಾ! ನನ್ನ ಮೇಜಿನ ಮೇಲಿದ್ದ ಮೇಷ್ಟ್ರ ಪುಸ್ತಕ! ಇದು ಬರೀ ಕಾಗದವೇನಮ್ಮ? ಒಬ್ಬ ಮನುಷ್ಯನ ಹದಿನಾಲ್ಕು ವರ್ಷ! ಬರ್ಬರರಾದರೂ ಬೆಂಕಿ ಇಟ್ಟರು, ನೀನು ಮೆಂತ್ಯ ಹಾಕಿ ರುಬ್ಬಿದೆಯಲ್ಲ!” ಕಮಲಮ್ಮನವರು ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಕೇಳಿದರು. ಅಮ್ಮ ಏನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ, ಮುಚ್ಚಿದಳು. “ಹಪ್ಪಳ ಮೆತ್ತಗಾಗತ್ತೆ, ತಿನ್ನು” ಅಂದಳು. ಎದುರಾಳಿ ಮೌನವಾದರೆ ಗೆದ್ದ ಹಾಗೆ ಅನ್ನುವುದು ಚರ್ಚಾಕೂಟದ ನಿಯಮ. ಗೆದ್ದೆ ಅಂದುಕೊಂಡೆ.

ವಾರ ಕಳೆದು ಮೇಷ್ಟ್ರು ಬಂದರು. ಸುದ್ದಿ ಅವರಿಗಿಂತ ಮೊದಲೇ ಬಸ್‌ಸ್ಟಾಪಿಗೆ ಹೋಗಿ ಅವರನ್ನು ಎದುರುಗೊಂಡಿತ್ತು. ಅವರು ಗಾಬರಿಯಾಗಿ ನೇರ ಕಮಲಮ್ಮನವರ ಗೇಟಿಗೇ ಹೋಗಿ, “ಜಾನಕಮ್ಮನವರದ್ದು ಏನೂ ತಪ್ಪಿಲ್ಲಮ್ಮ. ನಾನೇ ಬೇಡ ಅಂತ ಕೊಟ್ಟೆ” ಅಂದರು. ಕಮಲಮ್ಮನವರು ಅವರಿಗೆ ಕೈ ಮುಗಿದು ಬೀದಿಯವರ ಕಡೆ ತಿರುಗಿದರು. “ಎಂಥ ದೊಡ್ಡ ಮನಸ್ಸು ನೋಡಿ! ಹೆಂಗಸಿಗೆ ಅವಮಾನ ಆಗಬಾರದು ಅಂತ ತಮ್ಮ ಮೇಲೆ ಹಾಕ್ಕೋತಿದಾರೆ.” ಬೀದಿಯೆಲ್ಲ ಮೇಷ್ಟ್ರನ್ನು ಹೊಗಳಿತು, ಒಬ್ಬರೂ ನಂಬಲಿಲ್ಲ. ಸಂಶಯವೇ ಕಸುಬಾಗಿರುವ ನಾನೂ ನಂಬಲಿಲ್ಲ. ಅಂದಿನಿಂದ ಅಮ್ಮ ಗೋಡೆಯ ಕಡೆ ಹೋಗುವುದನ್ನು ಬಿಟ್ಟಳು. “ನಾನು ಡಬರಿ ಹಿಡ್ಕೊಂಡು ಹೋದ್ರೆ ಎಲ್ಲರೂ ಕಿಟಕೀಲಿ ನಿಂತು ನಗ್ತಾರೆ ಕಣೋ” ಅಂದಳು. ಗೋಡೆಯ ಆಚೆ ಮೇಷ್ಟ್ರು ಅನ್ನಕ್ಕೆ ಮೊಸರು ಕಲಸಿಕೊಂಡು, ಮತ್ತೆ ಸಂಜೆಯೂ ಅದನ್ನೇ ಕಲಸಿಕೊಂಡು ಉಣ್ಣುತ್ತಿದ್ದರು. ಪುಸ್ತಕವಂತೂ ಹೋಗಿತ್ತು. ಈಗ ಹುಳಿಯೂ ಹೋಯಿತು.

ನನ್ನ ಕಣ್ಣು ತೆರೆಸಿದ್ದು ಕತ್ರಿಗುಪ್ಪೆಯಿಂದ ಸೊಪ್ಪು ಹೊತ್ತು ತರುವ ಮುನಿಯಮ್ಮ. ಒಂದು ಬೆಳಿಗ್ಗೆ ದಂಟಿನ ಸೊಪ್ಪು ಇಳಿಸುತ್ತ ಕೇಳಿದಳು: “ಸಾಮೀ, ರೋಮು ಅಂದ್ರೆ ಯಾವ ಊರು? ಮಡಿವಾಳದಿಂದ ಆಚ್ಗಾ? ನಿಮ್ಮವ್ವ ಅದ್ನ ಹಾಳು ಮಾಡ್‌ಬುಡ್ತಂತೆ. ಪಾಪ, ಓದಾಕೆ ಬರಾಕಿಲ್ವಂತಲ್ಲ ಅವ್ವಂಗೆ.”

ನಗು ಬಂದದ್ದು ಅರ್ಧಕ್ಕೆ ನಿಂತಿತು. ನಮ್ಮಮ್ಮನಿಗೆ ಓದಲು ಬರುವುದಿಲ್ಲವೇ? ದಿನಾ ಮಧ್ಯಾಹ್ನ ಪೇಪರನ್ನು ಮೊದಲ ಅಕ್ಷರದಿಂದ ಕೊನೆಯ ಟೆಂಡರ್ ಪ್ರಕಟಣೆಯವರೆಗೂ ಬಿಡದೆ ಓದುವವಳಿಗೆ? ಕಥೆಯಲ್ಲಿ ಒಂದು ಸುಳ್ಳು ಸಿಕ್ಕಿದರೆ ಮಿಕ್ಕದ್ದನ್ನೂ ತಡವಿ ನೋಡಬೇಕು, ಇದು ನಾನು ಎದುರಾಳಿಗಳ ಮೇಲೆ ಪ್ರಯೋಗಿಸುವ ಸೂತ್ರ. ಸೊಪ್ಪಿನ ಜೊತೆಗೇ ಅಡುಗೆಮನೆಗೆ ಹೋಗಿ ಅಮ್ಮನ ಎದುರು ಕೂತೆ.

“ಅಮ್ಮ, ಆ ಕಾಗದ ನನ್ನ ಮೇಜಿನ ಮೇಲಿಂದ ತಗೊಂಡ್ಯಾ?”

“ಈಗ್ಯಾಕೋ ಅದು? ನಿನ್ನ ಮೇಜು ಮುಟ್ಟಿದ್ರೆ ಮನೆ ಕುರುಕ್ಷೇತ್ರ ಆಗತ್ತೆ. ನಾನ್ಯಾಕೆ ಮುಟ್ಲಿ? ಸೊಪ್ಪು ಬಿಡಿಸು, ಕೈ ಖಾಲಿ ಇದೆಯಲ್ಲ.”

ಸೊಪ್ಪು ಬಿಡಿಸುತ್ತ, ಏನೂ ಗೊತ್ತಿಲ್ಲದವನ ಹಾಗೆ ಕೇಳಿದೆ: “ಹನ್ನೊಂದು ನೋಟ್‌ಬುಕ್ಕಿನ ಹೊಲಿಗೆ ಬಿಚ್ಚೋಕೆ ಪಾಪ ಎಷ್ಟು ಹೊತ್ತಾಯ್ತೋ ನಿಂಗೆ.”

“ಹೊಲಿಗೆ ಎಲ್ಲಿತ್ತು? ಎಲ್ಲ ಬಿಚ್ಚೇ ಇತ್ತು. ದಾರ ಬೇರೆ ಸುತ್ತಿದ್ರು, ಪಿನ್ನೆಲ್ಲ ಕಿತ್ತಿದ್ರು. ಕೈಗೆ ಚುಚ್ಚಬಾರ್ದು ಅಂತ ಒಂದೊಂದೇ ಹಾಳೆ—” ಅಂದವಳು ನಾಲಿಗೆ ಕಚ್ಚಿಕೊಂಡಳು.

ಅಕಸ್ಮಾತ್ತಾಗಿ ರದ್ದಿಗೆ ಸೇರಿದ ಪುಸ್ತಕ ತನ್ನ ಹೊಲಿಗೆಯನ್ನು ತಾನೇ ಬಿಚ್ಚಿಕೊಂಡು ಬರುವುದಿಲ್ಲ. ಮಿಕ್ಕದ್ದು ಸೊಪ್ಪಿನ ಜೊತೆ ಒಂದೊಂದೇ ಎಲೆಯಾಗಿ ಹೊರಬಂತು. ನಾನು ಮೈಸೂರಿನಲ್ಲಿದ್ದಾಗ ಮೇಷ್ಟ್ರು ಬಂದು, ತಿದ್ದೋದಿದೆ ಅಂತ ನೋಟ್‌ಬುಕ್ಕುಗಳನ್ನು ವಾಪಸು ತೆಗೆದುಕೊಂಡು ಹೋಗಿದ್ದರು. ಎರಡು ದಿನದ ಮೇಲೆ, ಅಮ್ಮ ಸಂಡಿಗೆ ಕೊಟ್ಟಿದ್ದ ಹಳೆಯ ಬುಟ್ಟಿ ಗೋಡೆಯ ಮೇಲೆ ಬಂತು. ಖಾಲಿ ಅಲ್ಲ, ತುಂಬ ಬಿಡಿ ಹಾಳೆ. “ಬುಟ್ಟಿಗೆ ಕಾಗದ ಬೇಕು ಅಂತಿದ್ರಲ್ಲ ಜಾನಕಮ್ಮ, ಹಳೇ ಪಾಠ, ಇನ್ನು ಕೆಲಸಕ್ಕೆ ಬರಲ್ಲ. ಹುಡುಗನಿಗೆ ಹೇಳಬೇಡಿ, ನೊಂದ್ಕೋತಾನೆ” ಅಂದರಂತೆ.

“ಊರೆಲ್ಲ ನಗ್ವಾಗ ಹೇಳಬಾರದಿತ್ತೇನಮ್ಮ? ನಾನು ಹಾಗೆ ಕೂಗಾಡಿದಾಗಲಾದರೂ?”

“ಹೇಳಬೇಡಿ ಅಂದಿದ್ರು. ಹೇಳಲಿಲ್ಲ.” ಅಮ್ಮ ದಂಟು ಮುರಿಯುತ್ತ ಅಂದಳು. “ಅಕ್ಷರ ಮುತ್ತಿನ ಹಾಗಿತ್ತು ಕಣೋ ಶೀನ. ಎಲ್ಲಾನೂ ರುಬ್ಬೋಕೆ ಮನಸ್ಸು ಬರಲಿಲ್ಲ. ನಾಲ್ಕು ಹಾಳೆ ಎತ್ತಿಟ್ಟು ಮೇಲೆ ಅಂಟಿಸಿದೆ.”

“ನಾನ್ಯಾಕೆ ನೊಂದ್ಕೋಬೇಕು? ನಾನೇನು ಮಾಡಿದೆ?”

“ನಂಗೇನು ಗೊತ್ತು? ಬುಟ್ಟಿ ಅಲ್ಲಿದೆ, ಕೇಳು.”

ಬುಟ್ಟಿಯನ್ನು ಜಗುಲಿಯ ಬಿಸಿಲಿಗೆ ತಂದು ಬೋರಲು ಹಾಕಿದೆ. ಓದುವುದಕ್ಕೆ ಬುಟ್ಟಿಯನ್ನು ತಿರುಗಿಸಬೇಕೋ, ನಾನೇ ಸುತ್ತಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಒಂದು ಪಟ್ಟಿಯ ಮೂಲೆಯಲ್ಲಿ ಏಳು ಅನ್ನುವ ಪುಟಸಂಖ್ಯೆ ಇತ್ತು. ಅದರ ಕೆಳಗೆ: “ಎಂದು ಹೇಳುವುದು ವಾಡಿಕೆ. ಇದು ನಿಜವಲ್ಲ.” ಎಣ್ಣೆಯ ಕಲೆಯ ಪಕ್ಕದಲ್ಲಿ: “ಒಬ್ಬನ ಪುಸ್ತಕವನ್ನು ಚಕ್ರವರ್ತಿಯೊಬ್ಬನ ಕಾಲದಲ್ಲಿ ಸುಡಿಸಿದರು. ಅದು ಉಳಿಯಿತು, ಮಗಳು ಬಚ್ಚಿಟ್ಟಿದ್ದಳು. ಆಮೇಲೆ ಅದೂ ಹೋಯಿತು, ಸುಟ್ಟವರಿಂದಲ್ಲ, ನಕಲು ಮಾಡುವಷ್ಟು ಯಾರಿಗೂ ಬೇಡವಾಗಿ”. ತಳದ ಹತ್ತಿರ: “ಬೆಂಕಿಗಿಂತ ಹೆಚ್ಚು ಗ್ರಂಥಗಳನ್ನು ಕೊಂದವರು ಸಾರಾಂಶ ಓದಿ ತೃಪ್ತರಾದವರು, ಮತ್ತು ಓದಿದೆವೆಂದು”. ಅಲ್ಲಿ ಇನ್ನೊಂದು ಪಟ್ಟಿ ಅಡ್ಡ ಬಂದಿತ್ತು. ಉಗುರಿನಿಂದ ಎಬ್ಬಿಸಲು ನೋಡಿದೆ. ಅಮ್ಮನ ಅಂಟು ಗಟ್ಟಿ.

ಆರು ಪುಟದ ಬೆಂಕಿ, ಮೇಷ್ಟ್ರು ಕೆಡವುವುದಕ್ಕೆಂದು ಕಟ್ಟಿದ್ದ ಬೆಂಕಿ. ಎಲ್ಲರೂ ಹೇಳುವ ಕಥೆಯನ್ನು ಮೊದಲು ಮುಂದಿಟ್ಟು ಆಮೇಲೆ ಅದನ್ನು ಅಲ್ಲಗಳೆಯುವುದು, ನಾನೂ ಮಾಡುವುದು ಅದನ್ನೇ. ಈ ಪ್ರಬಂಧವನ್ನೂ ಹಾಗೇ ಶುರು ಮಾಡಿದ್ದೇನೆ. ಅದನ್ನೇ ಅವರೆದುರು ನಿಂತು ಹೊಗಳಿದ್ದೆ, ಕಣ್ಣಲ್ಲಿ ನೀರು ಬಂತು ಅಂದಿದ್ದೆ. ಪುಸ್ತಕದ ಮೊದಲ ಓದುಗ ಏಳನೆಯ ಪುಟ ಮುಟ್ಟಿಲ್ಲ ಅನ್ನುವುದು ಅವರಿಗೆ ನಿಂಬೆಹಣ್ಣು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವುದರೊಳಗೆ ಗೊತ್ತಾಗಿತ್ತು.

ಮೊದಲು ಹೋಗಿದ್ದು ಕಮಲಮ್ಮನವರ ಮನೆಗೆ. ದೂರದ ಲೆಕ್ಕದಲ್ಲಿ ಮೇಷ್ಟ್ರ ಮನೆ ಹತ್ತಿರ, ಧೈರ್ಯದ ಲೆಕ್ಕದಲ್ಲಿ ಇವರದ್ದು. “ಅಮ್ಮನದ್ದೇನೂ ತಪ್ಪಿಲ್ಲ. ತಪ್ಪೆಲ್ಲ ನಂದು. ನಾನು ಓದದೆ ಓದಿದೆ ಅಂದೆ” ಅಂತ ಆದದ್ದೆಲ್ಲ ಹೇಳಿದೆ. ಪೂರ್ತಿ ಕೇಳಿ ಕಮಲಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡರು. “ತಾಯಿ ಮೇಲೆ ಎಷ್ಟು ಪ್ರೀತಿ ನೋಡು ನಿಂಗೆ! ತಪ್ಪನ್ನೆಲ್ಲ ನಿನ್ನ ಮೇಲೇ ಹಾಕ್ಕೊಂಡ್ಯಲ್ಲಪ್ಪ.” ಎಂಟು ಕಪ್ಪು ಗೆದ್ದ ನಾಲಿಗೆ ಒಂದು ನಿಜವನ್ನು ಒಬ್ಬರಿಗೂ ಒಪ್ಪಿಸಲಾರದೆ ಮನೆಗೆ ಬಂತು. ಅಮ್ಮ ಕಾಯುತ್ತಿದ್ದಳು. ಡಬರಿಯಲ್ಲಿ ಹುಳಿ, ಬುಟ್ಟಿಯಲ್ಲಿ ಹಪ್ಪಳ. “ಕಿಟಕೀಲಿ ಯಾರು ನಿಂತ್ರೂ ನಿಂತ್ಕೊಳ್ಳಲಿ. ಗೋಡೆ ಮೇಲೆ ಬೇಡ, ಬಾಗಿಲಿಂದ ಹೋಗಿ ಕೊಟ್ಟು ಬಾ.”

ಮೇಷ್ಟ್ರ ಕೋಣೆಯಲ್ಲಿ, ಗೋಡೆಯ ಹಲಗೆಯ ಮೇಲೆ ಹನ್ನೊಂದು ಕಂದು ಹೊದಿಕೆಗಳು ಚೀಟಿ ಸಮೇತ ಸಾಲಾಗಿ ನಿಂತಿದ್ದವು. ಒಳಗೆ ಏನೂ ಇಲ್ಲ. ನನ್ನ ಕಣ್ಣು ಅಲ್ಲಿ ಹೋದದ್ದನ್ನು ನೋಡಿ, “ರಟ್ಟು ಗಟ್ಟಿಯಾಗಿತ್ತು, ಎಸೆಯೋಕೆ ಮನಸ್ಸಾಗಲಿಲ್ಲ” ಅಂದರು. ಬುಟ್ಟಿಯನ್ನು ಕೈಗೆ ತೆಗೆದುಕೊಂಡು, ಹಪ್ಪಳ ಚೆಲ್ಲದ ಹಾಗೆ ಮೆಲ್ಲಗೆ ಸುತ್ತಲೂ ತಿರುಗಿಸಿ, ಕನ್ನಡಕ ಮೇಲೇರಿಸಿ ಓದಿಕೊಂಡರು. ಒಂದು ಕಡೆ ನಕ್ಕರು.

“ಸಾರ್, ನಾನು ಓದಿದ್ದು ಆರು ಪುಟ” ಅಂದೆ.

“ಗೊತ್ತು. ಏಳನೇದು ಓದಿದ್ದಿದ್ರೆ ನೀನು ಜಗಳಕ್ಕೆ ಬರ್ತಿದ್ದೆ. ನಾನು ಗೋಡೆ ಹತ್ರ ಕಾದಿದ್ದು ಆ ಜಗಳಕ್ಕೇ.”

“ಬೈಬೇಕಿತ್ತು ನೀವು.”

“ಬೈದು ಏನು ಮಾಡ್ಲಿ? ತಪ್ಪು ಹುಡುಕೋನೇ ಓದದೆ ಹೊಗಳ್ತಾನೆ ಅಂದ್ರೆ, ಮಿಕ್ಕವರು ಹೊಗಳೋಕೂ ತಗೊಳ್ಳಲ್ಲ ಅನ್ನಿಸ್ತು. ಬುಟ್ಟಿಯಾದ್ರೆ ದಿನಾ ನಾಲ್ಕು ಜನ ಕೈಯಲ್ಲಿ ಹಿಡೀತಾರೆ.”

“ಮತ್ತೆ ಬರೀರಿ ಸಾರ್. ನಾನು ಕೂತು ಎರಡು ಪ್ರತಿ ನಕಲು ಮಾಡ್ತೀನಿ. ಬುಟ್ಟಿ ಮೇಲಿದ್ದಷ್ಟೂ ಈಗಾಗಲೇ ಬರ್ಕೊಂಡಿದೀನಿ, ಹತ್ತೊಂಬತ್ತು ಸಾಲು.”

“ಮೂಲ ಹೋಯ್ತು, ಸಂಗ್ರಹ ಉಳೀತು” ಅಂತ ಮೇಷ್ಟ್ರು ಈ ಸಲ ದೊಡ್ಡದಾಗಿ ನಕ್ಕರು. “ಅದೂ ಯಾರ ಕೈಯಲ್ಲಿ ನೋಡು! ರೋಮಿನವರಿಗೆ ಆದದ್ದೇ ಆಯ್ತಲ್ಲೋ ನನಗೂ. ಹೋಗಲಿ, ಆ ಆನೆ ಹೆಸರಾದರೂ ನೆನಪಿದೆಯಾ?”

ನೆನಪಿರಲಿಲ್ಲ. ಅವರು ಮೂರು ಸಲವಾದರೂ ಹೇಳಿದ್ದರು. ಬುಟ್ಟಿಯ ಮೇಲೂ ಅದು ಇರಲಿಲ್ಲ. ಆನೆಯನ್ನು ಅಮ್ಮ ರುಬ್ಬಿರಬೇಕು. ಮೇಷ್ಟ್ರು ಉತ್ತರಕ್ಕೆ ಕಾಯಲಿಲ್ಲ. ಹಪ್ಪಳವನ್ನು ಒಂದೊಂದಾಗಿ ತಟ್ಟೆಗೆ ತೆಗೆದಿಟ್ಟು, ಖಾಲಿ ಬುಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಅದರಲ್ಲಿ ಹಾಕಿ ಕೊಡಲು ಏನಾದರೂ ಸಿಗುತ್ತದೆಯೇ ಅಂತ ಅಡುಗೆಮನೆಯ ಗೂಡಿನಲ್ಲಿ ಡಬ್ಬಿಗಳ ಮುಚ್ಚಳ ತೆಗೆದು ತೆಗೆದು ನೋಡುತ್ತಿದ್ದರು. ಸಕ್ಕರೆ ಮುಗಿದಿತ್ತು ಅಂತ ಕಾಣುತ್ತದೆ. ಬಾಗಿಲಲ್ಲಿ ನಿಂತು ಅವರ ಬೆನ್ನಿಗೆ ಕೇಳಿದೆ:

“ಸಾರ್, ಅವತ್ತು ಗೋಡೆ ಹತ್ರ ನಾನು ‘ಇನ್ನೂ ಓದಿಲ್ಲ ಸಾರ್’ ಅಂತ ಒಂದೇ ಒಂದು ಮಾತು ಹೇಳಿದ್ದಿದ್ರೆ, ಆ ಹೊಲಿಗೆ ಬಿಚ್ಚುತಿದ್ರಾ ನೀವು?”